ಐಟಿಐ ಫಿಟ್ಟರ್ ಆಗಿದೆ: ನೀರು-ಯುಜಿಡಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಲಾ, ಅಪಾರ್ಟ್‌ಮೆಂಟ್ ಎಸ್‌ಟಿಪಿಗೆ ಹೋಗಲಾ?

ಕುಣಿಗಲ್_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಐಟಿಐ ಫಿಟ್ಟರ್ ಮುಗಿಸಿ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂರು ವರ್ಷ ಇದ್ದೆ. ಈಗ ಮಾಲೀಕರು ಮೆಷಿನ್‌ಗಳನ್ನು ಒಂದೊಂದಾಗಿ ಮಾರುತ್ತಿದ್ದಾರೆ. ಹೋದ ವಾರ ನಾನು ಕೆಲಸ ಮಾಡುತ್ತಿದ್ದ ಲೇತ್ ಕೂಡ ಲಾರಿ ಹತ್ತಿತು. ಹೆಗ್ಗನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಭಾವ ಏನೂ ಅನ್ನುವುದಿಲ್ಲ, ಆದರೆ ತಿಂಗಳುಗಟ್ಟಲೆ ಸುಮ್ನೆ ಕೂತು ಉಂಡರೆ ನನಗೇ ಅನ್ನ ಇಳಿಯಲ್ಲ.

ಈಗ ಎರಡು ಕೆಲಸ ಸಿಗುವ ಹಾಗಿದೆ. ಒಂದು, ನೀರು ಮತ್ತು ಒಳಚರಂಡಿ (ಯುಜಿಡಿ) ಲೈನ್ ನೋಡಿಕೊಳ್ಳುವ ಕಂಟ್ರಾಕ್ಟರ್ ಹತ್ತಿರ. 19 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಏನು ಕೆಲಸ ಅಂತ ಕೇಳಿದರೆ "ಎಲ್ಲಾ ಮಾಡಬೇಕಪ್ಪ" ಅಂದರು. ಇನ್ನೊಂದು, ವೈಟ್‌ಫೀಲ್ಡ್ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್, ಅದರ ಆಪರೇಟರ್. 17 ಸಾವಿರ, ಹನ್ನೆರಡು ಗಂಟೆ ಶಿಫ್ಟ್. ಮೆಟ್ರೋದಲ್ಲಿ ಹೋಗಬಹುದು, ಆದರೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿಕೊಂಡು ಊರಿನ ಈ ತುದಿಯಿಂದ ಆ ತುದಿಗೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಐಟಿಐ ಓದಿಸಿದ್ದು ಚರಂಡಿಗೆ ಇಳಿಯಲಿ ಅಂತಾನಾ" ಅಂತ ಅತ್ತೇಬಿಟ್ಟರು. ಅಲ್ಲಿಂದ ನನಗೆ ಮಾತೇ ಬರಲಿಲ್ಲ.

ಈ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ ಹೇಳಿ. ದಿನಾ ಏನು ಮಾಡಬೇಕಾಗುತ್ತೆ? ಮುಂದೆ ಪರ್ಮನೆಂಟ್ ಆಗುತ್ತಾ? ಫಿಟ್ಟರ್ ಕಲಿತದ್ದು ಏನಾದರೂ ಉಪಯೋಗಕ್ಕೆ ಬರುತ್ತಾ?

ಹೇಳೋದು_ಹೇಳ್ತೀನಿ

ಪರ್ಮನೆಂಟ್ ಆಗಲ್ಲ. ಅಲ್ಲಿಗೆ ಮುಗೀತು. ಜಲಮಂಡಳಿಯ ಖಾಯಂ ಕೆಲಸ ಬೇಕಿದ್ದರೆ ಅಧಿಸೂಚನೆ ಬರಬೇಕು, ಅರ್ಜಿ ಹಾಕಬೇಕು, ಪರೀಕ್ಷೆ ಬರೆಯಬೇಕು. ಕಂಟ್ರಾಕ್ಟರ್ ಹತ್ತಿರ ಹತ್ತು ವರ್ಷ ದುಡಿದರೂ ಅವನ ಟೆಂಡರ್ ಮುಗಿದ ದಿನ ನೀನು ಹೊಸಬನೇ. "ಸಾಹೇಬರು ಗೊತ್ತು, ಒಳಗೆ ಮಾಡಿಸ್ತೀನಿ" ಅಂತ ದುಡ್ಡು ಕೇಳುವವರು ಬರುತ್ತಾರೆ, ಒಂದು ರೂಪಾಯಿ ಬಿಚ್ಚಬೇಡ. ನನ್ನ ಚಿಕ್ಕಪ್ಪನ ಮಗ ಹಸು ಮಾರಿ ಕೊಟ್ಟ. ಹಸೂನೂ ಹೋಯ್ತು, ಕೆಲಸಾನೂ ಇಲ್ಲ.

ಮೊದಲ ತಿಂಗಳೇ ಪಿಎಫ್ ಪಾಸ್‌ಬುಕ್ ಮೊಬೈಲಿನಲ್ಲಿ ತೆಗೆದು ನೋಡು. ಸಂಬಳದ ಚೀಟಿಯಲ್ಲಿ ಹಿಡಿದಿರುತ್ತಾರೆ, ಪಾಸ್‌ಬುಕ್ಕಿನಲ್ಲಿ ಸೊನ್ನೆ ಇರುತ್ತದೆ. 21 ಸಾವಿರದ ಒಳಗಿನ ಸಂಬಳಕ್ಕೆ ಇಎಸ್‌ಐ ಕೂಡ ಬರುತ್ತದೆ, ಆ ನಂಬರನ್ನೂ ಕೇಳಿ ಇಟ್ಟುಕೋ. ಕೈಕಾಲು ಮುರಿದ ಮೇಲೆ ಕೇಳಿದರೆ ಯಾರೂ ಕೊಡಲ್ಲ.

ನಾಲ್ಕೂವರೆ_ಬೆಳಗ್ಗೆ

ತಮ್ಮಾ, ಮೇಲಿನವರು ಹೇಳಿದ್ದು ಸರಿ. ಆದರೆ ಅದು ಅರ್ಧ. ಉಳಿದರ್ಧ ನಾನು ಹೇಳ್ತೀನಿ.

ಇಪ್ಪತ್ತೊಂದು ವರ್ಷದಿಂದ ವಾಲ್ವ್ ತಿರುಗಿಸುತ್ತಿದ್ದೇನೆ. ಹಳೇ ಬಡಾವಣೆ. ಯಾವುದು ಅಂತ ಹೇಳಲ್ಲ, ಹೇಳಿದರೆ ನಾಳೆ ಬೆಳಗ್ಗೆಯಿಂದಲೇ ಫೋನು ಶುರು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂತಾರಲ್ಲ, ಹಾಗೆ ಬಡಾವಣೆಗೆ ಯಾರೇ ಬಾಡಿಗೆಗೆ ಬರಲಿ, ಮೊದಲು ಗುರುತು ಮಾಡಿಕೊಳ್ಳುವುದು ನೀರು ಬಿಡುವವನನ್ನೇ. ಹಬ್ಬಕ್ಕೆ ಒಬ್ಬಟ್ಟೂ ಬರುತ್ತೆ, ಬೇಸಿಗೆಯಲ್ಲಿ ಬೈಗುಳವೂ ಬರುತ್ತೆ. ಎರಡೂ ಅದೇ ಮನೆಯಿಂದ.

ಕೈಯಲ್ಲಿ ಒಂದು ಟಿ ಆಕಾರದ ಕೀಲಿ ಇರುತ್ತದೆ, ನನ್ನ ಎದೆಯೆತ್ತರ. ಬೆಳಗ್ಗೆ ನಾಲ್ಕೂವರೆಗೆ ಮೊದಲ ಚೇಂಬರ್ ಮುಚ್ಚಳ ಎತ್ತುತ್ತೇನೆ. ಒಳಗೆ ಜಿರಳೆ, ಚಿಪ್ಸ್ ಕವರು, ಒಂದೊಂದು ಸಲ ಹಾವು. ಕೀಲಿ ಇಳಿಸಿ, ಕೂತಿತಾ ಅಂತ ನೋಡಿಕೊಂಡು, ತಿರುಗಿಸಬೇಕು. ಆರಿಂಚಿನ ವಾಲ್ವ್ ಪೂರ್ತಿ ತೆರೆಯೋಕೆ ಸುಮಾರು 20 ಸುತ್ತು. ಎಣಿಸಲೇಬೇಕು. ದಿನಾ 20 ಬರುವುದು ಇವತ್ತು 16ಕ್ಕೇ ನಿಂತರೆ ಒಳಗೆ ಕಲ್ಲೋ ತುಕ್ಕೋ ಕೂತಿದೆ ಅಂತ ಲೆಕ್ಕ. ಬಲ ಹಾಕಿದರೆ ಸ್ಪಿಂಡಲ್ ಮುರಿಯುತ್ತೆ, ಆಮೇಲೆ ರಸ್ತೆ ಅಗೆಯಬೇಕು. ನಾಲ್ಕು ಸುತ್ತು ಹಿಂದೆ, ಎರಡು ಮುಂದೆ, ಹೀಗೆ ಆಡಿಸಿ ಬಿಡಿಸಿಕೊಳ್ಳಬೇಕು. ನೀನು ಫಿಟ್ಟರ್, ಎಲ್ಲಿವರೆಗೆ ಬಿಗಿ ಮಾಡಬಹುದು ಅನ್ನುವುದು ನಿನ್ನ ಕೈಗೆ ಆಗಲೇ ಗೊತ್ತಿದೆ. ನನಗೆ ಅದು ಬರೋಕೆ ಎರಡು ವರ್ಷ, ಎರಡು ಸ್ಪಿಂಡಲ್ ಆಯ್ತು.

ಮುಚ್ಚುವಾಗ ಅವಸರ ಬೇಡ. ಓಡುತ್ತಿರುವ ನೀರನ್ನು ದಿಢೀರ್ ಅಂತ ತಡೆದರೆ ಅದು ಹಿಂದಕ್ಕೆ ಗುದ್ದುತ್ತೆ. ನಮ್ಮ ಕಡೆ ಇನ್ನೂ ಬೀಡು ಪೈಪುಗಳಿವೆ, ಸೀಸ ಕಾಯಿಸಿ ಹುಯ್ದು ಮಾಡಿದ ಜಾಯಿಂಟುಗಳು. ಹೊಸದರಲ್ಲಿ ಒಂದು ದಿನ ಟೀ ಕುಡಿಯುವ ಅವಸರಕ್ಕೆ ಬರಬರ ತಿರುಗಿಸಿ ಮುಚ್ಚಿ ಹೊರಟೆ. ಟೀ ಅಂಗಡಿಯಲ್ಲಿ ಲೋಟ ಎತ್ತುವ ಹೊತ್ತಿಗೆ ಎರಡು ಬೀದಿ ಆಚೆ ಜಾಯಿಂಟ್ ಬಿಟ್ಟು ರಸ್ತೆ ಮಧ್ಯದಲ್ಲಿ ಬುಗ್ಗೆ ಎದ್ದಿತ್ತು. ಯಾರೂ ನನ್ನನ್ನು ಕೇಳಲಿಲ್ಲ, ಹಳೇ ಪೈಪು ಅಂದುಕೊಂಡರು. ಇಷ್ಟು ವರ್ಷದ ಮೇಲೆ ಇಲ್ಲೇ ಮೊದಲು ಹೇಳುತ್ತಿರುವುದು.

ಈ ನೀರು ಎಲ್ಲಿಂದ ಬರುತ್ತೆ ಅಂತ ನೆನಪಿದ್ದರೆ ಕೈ ತಾನಾಗಿ ನಿಧಾನ ಆಗುತ್ತೆ. ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು. ಹಾರೋಹಳ್ಳಿ, ತಾತಗುಣಿ ಅಂತ ಮತ್ತೆ ಮತ್ತೆ ಪಂಪ್ ಮಾಡಿ ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಕಾವೇರಿ ಮೊದಲ ಹಂತ ಬಂದದ್ದು 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ಅಲ್ಲಿ ಕರೆಂಟ್ ಒಂದು ಗಳಿಗೆ ಹೋದರೂ ಇಲ್ಲಿ ನನಗೆ ಎರಡು ದಿನ ಬೈಗುಳ. ಟ್ಯಾಂಕು ತುಂಬಬೇಕು, ಲೈನಿನೊಳಗೆ ಸೇರಿಕೊಂಡ ಗಾಳಿ ಹೋಗಬೇಕು, ಆಮೇಲೆ ತುದಿ ಮನೆಗೆ ನೀರು. ಇದನ್ನು ಗೇಟ್ ಹತ್ತಿರ ನಿಂತ ಅಜ್ಜಿಗೆ ಹೇಗೆ ಹೇಳ್ತೀಯಾ? "ನಾಳೆ ಬರುತ್ತೆ ಅಜ್ಜಿ" ಅಂತೀನಿ ಅಷ್ಟೇ.

ನನಗೆ ಇಷ್ಟವಾದ ಕೆಲಸ ಒಂದಿದೆ. ರಾತ್ರಿ ಲೀಕ್ ಹುಡುಕುವುದು. ಗಾಡಿ ಓಡಾಟ ನಿಂತ ಮೇಲೆ, ಎರಡು ಗಂಟೆ ಹೊತ್ತಿಗೆ, ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವ್ ಮೇಲೋ ಪೈಪ್ ಮೇಲೋ ಇಟ್ಟು ಇನ್ನೊಂದು ತುದಿಗೆ ಕಿವಿ ಕೊಡುವುದು. ಸರಿ ಇರುವ ಪೈಪು ಸುಮ್ಮನಿರುತ್ತೆ. ಲೀಕ್ ಇದ್ದರೆ ಒಗ್ಗರಣೆಗೆ ಈರುಳ್ಳಿ ಹಾಕಿದಾಗ ಬರುತ್ತಲ್ಲ, ದೂರದ ಅಡುಗೆಮನೆಯಿಂದ ಕೇಳಿಸಿದ ಹಾಗೆ, ಆ ಸದ್ದು. ಈಗ ಇದಕ್ಕೆ ಮೆಷಿನ್ ಬಂದಿವೆ, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಚೆನ್ನಾಗಿವೆ. ಆದರೂ ನಮ್ಮ ಹುಡುಗರು ಮೆಷಿನ್ ಇಟ್ಟು ನೋಡಿ, ಕೊನೆಗೆ "ಅಣ್ಣಾ ಸ್ವಲ್ಪ ಕೇಳಿ" ಅಂತ ಸರಳು ನನ್ನ ಕೈಗೇ ಕೊಡ್ತಾರೆ.

ಹಾಗಾಗಿ ನನ್ನ ಮಾತು ಇಷ್ಟು. ಕೆಲಸ ಕೆಟ್ಟದ್ದಲ್ಲ. ಆದರೆ "ಎಲ್ಲಾ ಮಾಡಬೇಕಪ್ಪ" ಅಂದಿದ್ದಾರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ನೀರಾ, ಯುಜಿಡಿನಾ, ಬಿಡಿಸಿ ಕೇಳು.

ಮೂರನೇ_ಅಡ್ಡರಸ್ತೆ

ಅಣ್ಣಾ, ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಮನೆಗೆ ದಿನ ಬಿಟ್ಟು ದಿನ ನೀರು. ಮೊದಲ ಹತ್ತು ನಿಮಿಷ ಕಂದು ಬಣ್ಣ, ಒಂದೊಂದು ಸಲ ಚರಂಡಿ ವಾಸನೆ. ಅದು ಯಾಕೆ? ಮತ್ತೆ ಪಕ್ಕದ ಮನೆಗೆ ಜೋರಾಗಿ ಬರುತ್ತೆ, ನಮಗೆ ದಾರದಷ್ಟು. ನೀವು ಬಿಡುವವರು ಏನಾದರೂ ಮಾಡ್ತೀರಾ ಅಂತ ನಮ್ಮ ಮನೆಯವರಿಗೆ ಅನುಮಾನ.

ನಾಲ್ಕೂವರೆ_ಬೆಳಗ್ಗೆ

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ವಾಲ್ವ್ ಇರುವುದು ಬೀದಿಗೆ, ಮನೆಮನೆಗಲ್ಲ. ಪಕ್ಕದ ಮನೆಯವರು ಲೈನಿಗೇ ನೇರ ಮೋಟಾರ್ ಹಾಕಿರುತ್ತಾರೆ. ಹಾಗೆ ಹಾಕುವಂತಿಲ್ಲ, ಆದರೆ ಹಾಕ್ತಾರೆ. ನೀರು ಬಿಟ್ಟ ತಕ್ಷಣ ಅವರ ಗೋಡೆಗೆ ಕಿವಿ ಇಟ್ಟು ನೋಡಿ, ಗುಂಯ್ ಅನ್ನುತ್ತಿದ್ದರೆ ಅದೇ.

ವಾಸನೆಗೂ ಅದಕ್ಕೂ ಸಂಬಂಧ ಇದೆ. ನೀರು ನಿಂತ ಮೇಲೆ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಖಾಲಿಯಾಗುವಾಗ, ಮೋಟಾರ್ ಎಳೆಯುವಾಗ, ಅದು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಪಕ್ಕದಲ್ಲೇ ಯುಜಿಡಿ ಪೈಪ್ ಸೋರುತ್ತಿದ್ದು, ನಿಮ್ಮ ಮನೆಗೆ ಹೋಗುವ ಜಿಐ ಪೈಪಿಗೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಸಾಕು. ಮಣ್ಣಿನ ಬಣ್ಣ ಮಾತ್ರ ಇದ್ದರೆ ಹತ್ತು ನಿಮಿಷ ಬಿಟ್ಟು ಸಂಪಿಗೆ ಹಿಡಿಯಿರಿ. ಚರಂಡಿ ವಾಸನೆ ಬಂದರೆ ಹಿಡಿಯಲೇಬೇಡಿ, 1916ಕ್ಕೆ ಫೋನ್ ಮಾಡಿ. ನಾವು ಬಂದು ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಡುತ್ತೇವೆ. ಕ್ಲೋರಿನ್ ಇದ್ದರೆ ಹಳದಿ ಆಗುತ್ತೆ. ಹಳದಿ ಬರದಿದ್ದರೆ ದಾರಿಯಲ್ಲಿ ಏನೋ ಸೇರಿ ಕ್ಲೋರಿನ್ ತಿಂದುಹಾಕಿದೆ ಅಂತ ಅನುಮಾನ. ನಲ್ಲಿ ನೀರಿನಲ್ಲಿ ಲೀಟರಿಗೆ ಕಡಿಮೆ ಅಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಇದೇ ಹನಿ ಇನ್ನೊಂದಕ್ಕೂ ಆಗುತ್ತೆ. ರಸ್ತೆಯಲ್ಲಿ ನೀರು ನಿಂತಿದೆ, ಯಾರ ನೀರು ಅಂತ ಜಗಳ. ಎರಡು ಹನಿ ಬಿಟ್ಟರೆ ಹಳದಿ ಬಂದರೆ ನಮ್ಮದು. ಬರದಿದ್ದರೆ ಯಾರದೋ ಬೋರ್‌ವೆಲ್ ಸಂಪ್ ತುಂಬಿ ಹರಿದಿರುತ್ತೆ.

ಜೆಟ್ಟಿಂಗ್_ಗಾಡಿ

ನೀರಿನ ಅಣ್ಣ ನೀರಿನ ಕಡೆ ಹೇಳಿದರು. ನಾನು ಕೊಳಚೆ ಕಡೆಯವನು.

ಮೊದಲು ಕೆಲಸ ಹೇಳ್ತೀನಿ, ಯಾಕೆಂದರೆ ಇದರಲ್ಲೂ ತಲೆ ಬೇಕು ಅಂತ ಯಾರಿಗೂ ಗೊತ್ತಿಲ್ಲ. ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕುತ್ತಿದೆ ಅಂತ ಫೋನ್ ಬರುತ್ತೆ. ಉಕ್ಕುವ ಕಡೆ ಬ್ಲಾಕ್ ಇರಲ್ಲ. ಇಳಿಜಾರಿನ ಕಡೆಗೆ ಒಂದೊಂದೇ ಮುಚ್ಚಳ ತೆಗೆದು ನೋಡ್ತಾ ಹೋಗಬೇಕು. ಒಂದು ತುಂಬಿದೆ, ಮುಂದಿನದು ಒಣಗಿದೆ ಅಂದರೆ ಬ್ಲಾಕ್ ಆ ಎರಡರ ಮಧ್ಯೆ. ಜೆಟ್ಟಿಂಗ್ ಗಾಡಿಯ ನೀರು ಚಿಮ್ಮುವ ಪೈಪನ್ನು ಒಣಗಿದ ಕಡೆಯಿಂದ ಮೇಲಕ್ಕೆ ಬಿಡಬೇಕು. ನಾಝಲ್‌ನಿಂದ ನೀರು ಹಿಂದಕ್ಕೆ ಚಿಮ್ಮುತ್ತೆ, ಅದರ ಬಲಕ್ಕೆ ಪೈಪ್ ತಾನೇ ಮುಂದಕ್ಕೆ ಓಡುತ್ತೆ, ಎಳೆಯುವಾಗ ಹೂಳನ್ನು ನಮ್ಮ ಕಡೆ ತರುತ್ತೆ. ನಮ್ಮ ಅಪ್ಪನ ಕಾಲದಲ್ಲಿ ಬಿದಿರ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ತಳ್ಳುತ್ತಿದ್ದರು.

ಒಳಗಿಂದ ಏನು ಬರುತ್ತೆ ಅಂದರೆ: ಡಯಾಪರ್, ಪ್ಯಾಡು, ಹೋಟೆಲಿನ ಜಿಡ್ಡು ಗಟ್ಟಿಯಾಗಿ ಮೇಣದ ಹಾಗೆ, ಮನೆ ಕಟ್ಟುವವರ ಸಿಮೆಂಟು, ಪಾತ್ರೆ ಉಜ್ಜುವ ನಾರು. ಒಂದು ಸಲ ಇಡೀ ಒಂದು ತಲೆದಿಂಬು ಬಂತು. ಅದು ಹೇಗೆ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ತಾರಸಿ ನೀರನ್ನು ಯುಜಿಡಿಗೇ ಬಿಟ್ಟಿರುತ್ತಾರೆ, ಸಾಲದ್ದಕ್ಕೆ ರಸ್ತೆ ನೀರು ಹೋಗಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ಎತ್ತಿಡುತ್ತಾರೆ. ಮಳೆನೀರು ಹೋಗಬೇಕಾದದ್ದು ರಾಜಕಾಲುವೆಗೆ. ಯುಜಿಡಿ ಪೈಪಿಗೆ ಅಷ್ಟು ಅಗಲ ಎಲ್ಲಿದೆ? ತಗ್ಗಿನ ಮನೆಯವರ ಬಚ್ಚಲಿನಲ್ಲಿ ವಾಪಸ್ ಏಳುತ್ತೆ.

ಈಗ ಮುಖ್ಯದ್ದು.

ಒಂಬತ್ತು ವರ್ಷದ ಹಿಂದೆ ನಾನು ಒಬ್ಬ ಕಂಟ್ರಾಕ್ಟರ್ ಹತ್ತಿರ ಇದ್ದೆ, ಯಾರು ಅಂತ ಬೇಡ. ಗಾಡಿ ಕೆಟ್ಟಿತ್ತು. ಸೂಪರ್‌ವೈಸರ್ "ಎರಡೇ ನಿಮಿಷ, ಒಂದು ಇಟ್ಟಿಗೆ ಅಡ್ಡ ಬಿದ್ದಿದೆ ಅಷ್ಟೇ, ಇಳಿದು ತೆಗಿ" ಅಂದ. ಹಗ್ಗ ಕಟ್ಟಿಕೊಂಡು ಇಳಿದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಮುಖಕ್ಕೆ ಹೊಡೀತು. ನಾಲ್ಕು ಮೆಟ್ಟಿಲು ಇಳಿದ ಮೇಲೆ ವಾಸನೆ ನಿಂತುಹೋಯಿತು. ಗ್ಯಾಸ್ ಹೋಯ್ತು ಅಂದುಕೊಂಡೆ. ಮೇಲೆ ನಮ್ಮ ಮಾಮ ಇದ್ದರು, ಹಳಬರು. "ವಾಸನೆ ಇದೆಯೇನೋ" ಅಂತ ಕೂಗಿದರು. "ಇಲ್ಲ ಮಾಮ" ಅಂದೆ. ಅಷ್ಟೇ ನೆನಪು. ಅವರು ಮತ್ತೆ ಒಂದು ಮಾತೂ ಆಡದೆ ಹಗ್ಗ ಎಳೆದರಂತೆ. ರಸ್ತೆ ಮೇಲೆ ಎಚ್ಚರ ಆದಾಗ ಒಂದು ಚಪ್ಪಲಿ ಇರಲಿಲ್ಲ.

ಅದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ವಾಸನೆ ಬರುತ್ತೆ, ಜಾಸ್ತಿ ಆದಾಗ ಮೂಗು ಸತ್ತುಹೋಗುತ್ತೆ. ವಾಸನೆ ನಿಂತಿತು ಅಂದರೆ ಗ್ಯಾಸ್ ಜಾಸ್ತಿ ಆಯ್ತು ಅಂತ. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. ಪೇಪರಿನಲ್ಲಿ ಇಬ್ಬರು, ಮೂವರು ಒಟ್ಟಿಗೆ ಹೋದರು ಅಂತ ಬರುವುದು ಇದಕ್ಕೇ.

ರಕ್ಷಣೆ ಇಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಇಳಿಸಿದವನಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಂತ ಇದೆ. ಸತ್ತರೆ 10 ಲಕ್ಷ ಪರಿಹಾರ ಅಂತ ಇದ್ದದ್ದನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷ ಮಾಡಿತು. ಒಳ್ಳೇದೇ. ಆದರೆ ಅದು ಬರುವುದು ನನ್ನ ಹೆಂಡತಿ ಕೈಗೆ, ನನ್ನ ಕೈಗಲ್ಲ.

ಅದಕ್ಕೆ ಕಂಟ್ರಾಕ್ಟರ್ ಹತ್ತಿರ ಹೋದಾಗ ಸಂಬಳ ಆಮೇಲೆ ಕೇಳು. ಮೊದಲು "ಗ್ಯಾಸ್ ಮೀಟರ್ ತೋರಿಸಿ" ಅನ್ನು. ಇದೆ ಅಂತ ಹೇಳಿದರೆ ಸಾಲದು, ಆನ್ ಮಾಡಿಸು. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ 20.9 ತೋರಿಸಬೇಕು. ಆನ್ ಆಗದಿದ್ದರೆ ಅದು ಆಟದ ಸಾಮಾನು. ಟಿಟಿ ಇಂಜೆಕ್ಷನ್, ಹೆಪಟೈಟಿಸ್ ಲಸಿಕೆ ಹಾಕಿಸ್ತಾರಾ ಕೇಳು. ಕೈಯಲ್ಲಿ ಗಾಯ ಇದ್ದಾಗ ಗ್ಲೌಸ್ ಇಲ್ಲದೆ ಕೊಳಚೆ ಮುಟ್ಟಿದರೆ ಇಲಿ ಜ್ವರ ಬರುತ್ತೆ. ನನಗೆ ಬಂದಿತ್ತು, ಹದಿನೈದು ದಿನ ಆಸ್ಪತ್ರೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ನಮ್ಮ ಗಾಡಿಯಲ್ಲಿ ಐದು ಜನ. ನಾಲ್ಕು ಜನ ನಮ್ಮ ಕೇರಿಯವರೇ. ಎಲ್ಲೇ ಹೋಗಿ ನೋಡು, ವಾಲ್ವ್ ಕೀಲಿ ಹಿಡಿದವರಲ್ಲಿ ಎಲ್ಲಾ ಜಾತಿಯವರು ಸಿಗ್ತಾರೆ, ಗುಂಡಿ ಬಾಯಿಯಲ್ಲಿ ನಿಂತವರು ಮಾತ್ರ ನಾವೇ. ನಿಮ್ಮ ಅಮ್ಮ ಅತ್ತದ್ದು ತಪ್ಪು ಅಂತ ನಾನು ಹೇಳಲ್ಲ. ನಮ್ಮ ಅಮ್ಮನೂ ಅತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ ಅಷ್ಟೇ.

ಹೇಳೋದು_ಹೇಳ್ತೀನಿ

ಜೆಟ್ಟಿಂಗ್ ಅಣ್ಣಾ, ಆ ಮಾಮ ಈಗ ಎಲ್ಲಿದ್ದಾರೆ?

ಜೆಟ್ಟಿಂಗ್_ಗಾಡಿ

ರಿಟೈರ್ ಅಂತ ಏನೂ ಇಲ್ಲ ನಮಗೆ, ಮನೆಯಲ್ಲಿದ್ದಾರೆ. ಕೆಮ್ಮು. ಯುಗಾದಿಗೆ ಹೋಗಿ ಬರ್ತೀನಿ, ಪ್ರತಿ ವರ್ಷ ಒಂದು ಜೊತೆ ಚಪ್ಪಲಿ ತಗೊಂಡು ಹೋಗ್ತೀನಿ. ಅವರು ನಗ್ತಾರೆ.

ಬೀಕರ್_ಅಕ್ಕ

ಇಷ್ಟು ಓದಿದ ಮೇಲೆ ಏನು ಬರೆಯಬೇಕು ಅಂತಲೇ ತೋಚಲಿಲ್ಲ, ಆದರೂ ಎಸ್‌ಟಿಪಿ ಬಗ್ಗೆ ಯಾರೂ ಹೇಳಿಲ್ಲವಲ್ಲ.

ನಾನು ಬಿಎಸ್ಸಿ ಕೆಮಿಸ್ಟ್ರಿ. ಹನ್ನೊಂದು ವರ್ಷದಿಂದ ಎಸ್‌ಟಿಪಿ ಲ್ಯಾಬುಗಳಲ್ಲೇ ಇದ್ದೇನೆ, ಮೊದಲು ಊರಿನ ದೊಡ್ಡ ಪ್ಲಾಂಟ್ ಒಂದರಲ್ಲಿ, ಈಗ ಏಳೆಂಟು ಅಪಾರ್ಟ್‌ಮೆಂಟುಗಳ ಪ್ಲಾಂಟ್ ಸುತ್ತುತ್ತೇನೆ. ಬೆಂಗಳೂರು ದಿಣ್ಣೆಯ ಮೇಲಿರುವ ಊರು, ನೀರು ಬೇರೆ ಬೇರೆ ಕಣಿವೆಗೆ ಇಳಿಯುತ್ತೆ: ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ (ಕೆಸಿ ವ್ಯಾಲಿ), ಹೆಬ್ಬಾಳ. ಕೊಳಚೆಯೂ ಅದೇ ದಾರಿ ಹಿಡಿಯುತ್ತೆ. ದೊಡ್ಡ ಪ್ಲಾಂಟುಗಳು ಅಲ್ಲೇ ಇರುವುದು ಅದಕ್ಕೇ. ಕೆಸಿ ವ್ಯಾಲಿ ನೀರು ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದು ಇನ್ನೂ ಒಂದು ಹಂತ ಶುದ್ಧವಾಗಿ ಹೋಗಬೇಕು ಅಂತ ಕೋಲಾರದವರು ಜಗಳ ಮಾಡುತ್ತಾರೆ. ನಾನು ಮಾಲೂರಿನವಳು, ನನ್ನ ಮಟ್ಟಿಗೆ ಅವರ ಜಗಳ ನ್ಯಾಯವೇ.

ತಮ್ಮಾ, ಎಸ್‌ಟಿಪಿ ಅಂದರೆ ಮೆಷಿನ್ ನೋಡಿಕೊಳ್ಳುವ ಕೆಲಸ ಅಂದುಕೊಳ್ಳಬೇಡ. ಅದು ದನ ಸಾಕುವ ಕೆಲಸ. ಏರೇಶನ್ ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾ ಕೊಳಚೆ ತಿಂದು ನೀರು ಶುದ್ಧ ಮಾಡುವುದು. ಅದಕ್ಕೆ ಗಾಳಿ ಬೇಕು, ಮೇವು ಬೇಕು, ಜಾಸ್ತಿಯಾದರೆ ಒಂದಷ್ಟನ್ನು ಹೊರಗೆ ಹಾಕಬೇಕು. ಕರೆಂಟ್ ಬಿಲ್ ಉಳಿಸೋಣ ಅಂತ ಟ್ಯಾಂಕಿಗೆ ಗಾಳಿ ಊದುವ ಬ್ಲೋವರನ್ನು ರಾತ್ರಿ ಆಫ್ ಮಾಡಿಸುವ ಅಸೋಸಿಯೇಷನ್‌ಗಳಿವೆ. ಬೆಳಗ್ಗೆ ಬಂದರೆ ಟ್ಯಾಂಕು ಕಪ್ಪಗಾಗಿ ನಾರುತ್ತಿರುತ್ತೆ, ಬೈಯುವುದು ಆಪರೇಟರನ್ನು.

ದಿನಾ ಒಂದು ಪರೀಕ್ಷೆ ಮಾಡಿದರೆ ಸಾಕು, ನಿನಗೆ ಪ್ಲಾಂಟಿನ ಆರೋಗ್ಯ ಗೊತ್ತಾಗುತ್ತೆ. ಒಂದು ಲೀಟರಿನ ಅಳತೆ ಜಾಡಿಯಲ್ಲಿ ಏರೇಶನ್ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡು. ಕೆಸರು ಕೆಳಗೆ ಕೂರುತ್ತೆ, ಮೇಲೆ ತಿಳಿ ನೀರು ನಿಲ್ಲುತ್ತೆ. ನಮ್ಮ ಪ್ಲಾಂಟುಗಳಲ್ಲಿ ಕೆಸರು 250ರಿಂದ 400ರ ಗೆರೆಯೊಳಗೆ ಕೂತರೆ ನಾನು ನೆಮ್ಮದಿಯಾಗಿ ಊಟ ಮಾಡುತ್ತೇನೆ. ಬಣ್ಣ ಬೆಲ್ಲದ ಹಾಗೆ ಕಂದು ಇರಬೇಕು. ವಾಸನೆ, ನಂಬಲ್ಲ ನೀನು, ಮೊದಲ ಮಳೆಗೆ ಮಣ್ಣು ನೆಂದಾಗಿನ ವಾಸನೆ. ನನ್ನ ಅತ್ತೆಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಬಿಳಿ ನೊರೆ ಎದ್ದರೆ ಬ್ಯಾಕ್ಟೀರಿಯಾ ಕಡಿಮೆಯಾಗಿದೆ, ಇಲ್ಲವೇ ಯಾರೋ ಸೋಪು ಜಾಸ್ತಿ ಬಿಟ್ಟಿದ್ದಾರೆ. ಆಯುಧಪೂಜೆ ಹಿಂದಿನ ದಿನ ಮುನ್ನೂರು ಫ್ಲಾಟಿನವರೂ ಒಟ್ಟಿಗೆ ಆಸಿಡ್ ಫಿನಾಯಿಲ್ ಹಾಕಿ ಬಚ್ಚಲು ತೊಳೆಯುತ್ತಾರಲ್ಲ, ಮಾರನೇ ದಿನ ನನ್ನ ದನಗಳಿಗೆ ಜ್ವರ. ಪೂಜೆ ಮಾಡಿದ ಬ್ಲೋವರ್‌ಗೆ ಕುಂಕುಮ, ಟ್ಯಾಂಕಿನ ತುಂಬ ನೊರೆ.

ಫಿಟ್ಟರ್‌ಗೆ ಇಲ್ಲಿ ಬೆಲೆ ಇದೆ. ಪಂಪಿನೊಳಗೆ ವೆಟ್ ವೈಪ್ಸ್ ಸುತ್ತಿಕೊಳ್ಳುತ್ತೆ, ಸೀಲ್ ಹೋಗುತ್ತೆ, ಬೆಲ್ಟ್ ಸಡಿಲ ಆಗುತ್ತೆ. ಅದನ್ನು ತಾನೇ ಬಿಚ್ಚಿ ಸರಿ ಮಾಡುವ ಆಪರೇಟರ್ ಸಿಕ್ಕರೆ ಬಿಡಲ್ಲ.

ಆದರೆ ಎಚ್ಚರ. ಅಪಾರ್ಟ್‌ಮೆಂಟ್ ಎಸ್‌ಟಿಪಿ ನೆಲಮಾಳಿಗೆಯಲ್ಲಿರುತ್ತೆ, ಗಾಳಿ ಆಡಲ್ಲ, ರಾತ್ರಿ ಒಬ್ಬನೇ ಇರುತ್ತೀಯಾ. ಜೆಟ್ಟಿಂಗ್ ಅಣ್ಣ ಹೇಳಿದ ಗ್ಯಾಸ್ ಇಲ್ಲೂ ಅದೇ. ಕಲೆಕ್ಷನ್ ಟ್ಯಾಂಕಿಗೆ ಪಂಪ್ ಎತ್ತಲು ಇಳಿದು ಸತ್ತವರು ನಗರದಲ್ಲಿ ಇದ್ದಾರೆ. ಪಂಪಿಗೆ ಸರಪಳಿ ಕಟ್ಟಿದ್ದಾರಾ, ಮೇಲಿಂದಲೇ ಎತ್ತಬಹುದಾ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಾ, ಇಷ್ಟು ನೋಡಿಕೊಂಡು ಹೂಂ ಅನ್ನು. ಹನ್ನೆರಡು ಗಂಟೆ ಶಿಫ್ಟಿಗೆ 17 ಸಾವಿರ ಕಡಿಮೆ. ಕೇಳಿ ಜಾಸ್ತಿ ಮಾಡಿಸು, ಕೊಡ್ತಾರೆ.

ಕುಣಿಗಲ್_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಉತ್ತರ ಬರೆಯಲಿಲ್ಲ, ಯಾಕೆಂದರೆ ಓಡಾಡುತ್ತಿದ್ದೆ.

ಅಪಾರ್ಟ್‌ಮೆಂಟಿಗೆ ಹೋದೆ ಅಕ್ಕ. ಮ್ಯಾನೇಜರ್ ಒಳ್ಳೆಯವರು. ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿ ಅಂದೆ. ಸ್ವಿಚ್ ಹುಡುಕೋಕೆ ಹತ್ತು ನಿಮಿಷ ಆಯ್ತು. ಪಂಪಿಗೆ ಸರಪಳಿ ಇರಲಿಲ್ಲ, ಪ್ಲಾಸ್ಟಿಕ್ ಹಗ್ಗ ಇತ್ತು. ಈಗಿರುವ ಆಪರೇಟರ್ ಒಡಿಶಾ ಕಡೆಯ ಹುಡುಗ, ಪಾಪ, "ನಾನು ಇಳಿದು ಎತ್ತುತ್ತೇನೆ" ಅಂತ ನಗುತ್ತಾ ಹೇಳಿದ. ಇಳಿಯಬೇಡ ಅಂತ ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ನೀವು ಹೇಳಿದ ವಾಸನೆ ಗುರುತನ್ನೂ ಹೇಳಿದೆ ಜೆಟ್ಟಿಂಗ್ ಅಣ್ಣಾ. ಮ್ಯಾನೇಜರ್‌ಗೆ ಸರಪಳಿ ಹಾಕಿಸಿ ಅಂತಲೂ ಹೇಳಿ ಬಂದೆ.

ಕಂಟ್ರಾಕ್ಟರ್ ಆಫೀಸಿಗೆ ಹೋಗಿ ಗ್ಯಾಸ್ ಮೀಟರ್ ತೋರಿಸಿ ಅಂದೆ. ಅವರು ನನ್ನನ್ನೇ ಒಂದು ಸಲ ನೋಡಿ, ಬೀರುವಿನಿಂದ ತೆಗೆದುಕೊಟ್ಟರು. ಕವರೇ ಬಿಚ್ಚಿರಲಿಲ್ಲ. ಚಾರ್ಜ್ ಇರಲಿಲ್ಲ. ಅಲ್ಲೇ ಪ್ಲಗ್ಗಿಗೆ ಹಾಕಿ ಅರ್ಧ ಗಂಟೆ ಕೂತೆ. ಆನ್ ಆಯ್ತು, 20.9 ತೋರಿಸಿತು. ಅವರಿಗೂ ಖುಷಿಯಾಯ್ತು ಅನ್ನಿಸುತ್ತೆ, ಮೊದಲ ಸಲ ನೋಡಿದ್ದು ಅವರು ಕೂಡ. ನೀರಿನ ಕಡೆ ಮಾತ್ರ, ವಾಲ್ವ್ ಮತ್ತು ಪೈಪ್ ಕೆಲಸ ಅಂತ ಆರ್ಡರಿನಲ್ಲಿ ಬರೆಸಿಕೊಂಡೆ. ಮೀಟರ್ ಬೀರುವಿನಲ್ಲಿ ಇಡಬೇಡಿ, ಯುಜಿಡಿ ಗಾಡಿಯಲ್ಲಿ ಇರಲಿ ಅಂದೆ. ನೋಡೋಣ ಅಂದರು. ಇಟ್ಟರಾ ಅಂತ ಸೇರಿದ ಮೇಲೆ ನೋಡಿ ಇಲ್ಲೇ ಬರೀತೀನಿ.

ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಜೆಟ್ಟಿಂಗ್ ಅಣ್ಣ ಬರೆದ ಕೊನೆಯ ಮಾತನ್ನೂ ಓದಿ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆ ಹುಡುಗನ ಜ್ವರ ವಾಸಿ ಆಯ್ತಂತಾ" ಅಂತ ಕೇಳಿದರು.

ನಾಲ್ಕೂವರೆ ಅಣ್ಣಾ, ನಿನ್ನೆ ರಾತ್ರಿ ನಿಮ್ಮ ಜೊತೆ ಬಂದದ್ದು ಮರೆಯಲ್ಲ. ಸರಳಿಗೆ ಕಿವಿ ಇಟ್ಟಾಗ ಮೊದಲು ನನ್ನ ಎದೆ ಬಡಿತ ಬಿಟ್ಟರೆ ಏನೂ ಕೇಳಿಸಲಿಲ್ಲ. ನಾಲ್ಕನೇ ಚೇಂಬರಿನಲ್ಲಿ ಕೇಳಿಸಿತು. ಈರುಳ್ಳಿನೇ.

ನಾಲ್ಕೂವರೆ_ಬೆಳಗ್ಗೆ

ಇವತ್ತು ಅಗೆದರು. ನೀನು ತೋರಿಸಿದ ಕಡೆಯಿಂದ ಒಂದೂವರೆ ಅಡಿ ಆಚೆ ಸಿಕ್ತು. ಹೊಸಬನಿಗೆ ಅಷ್ಟು ಸಾಕು.

ಮೂರನೇ_ಅಡ್ಡರಸ್ತೆ

ಅಭಿನಂದನೆ ತಮ್ಮಾ! ಯಾವ ಏರಿಯಾ ಕೊಟ್ಟರು? ಸುಮ್ನೆ ಕೇಳಿದೆ.

ಕುಣಿಗಲ್_ಹುಡುಗ

ಹೇಳಲ್ಲ ಸಾರ್.